ಕೆರೆಯ ತೂಬಿನ ಬಿರಡೆ: ಅದರ ಸ್ಥಾನವೂ ಸಂರಕ್ಷಣೆಯೂ

ತುಮಕೂರು, ಗುಬ್ಬಿ ಮತ್ತು ಕುಣಿಗಲು ತಾಲ್ಲೂಕುಗಳಲ್ಲಿ ಕೆರೆಯಿಲ್ಲದ ಗ್ರಾಮವು ಅಪೂರ್ವವೆಂದೇ ಹೇಳಬಹುದು. ತುಮಕೂರು ನಗರದ ಅಮಾನಿಕೆರೆ, ಮೈದಾಳದ ಕೆರೆ, ಗುಬ್ಬಿಯ ಕೆರೆ, ಶಿಂಷಾ ನದಿಗೆ ಅಡ್ಡಲಾಗಿ ನಿಂತಿರುವ ಕಡಬದ ಕೆರೆ, ಜನಪದ ಗೀತದಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲಿನ ದೊಡ್ಡಕೆರೆ ಇವುಗಳಲ್ಲದೆ, ನೆರೆಯೂರಿನವರೂ ಹೆಸರನ್ನರಿಯದ ಅನೇಕ ಚಿಕ್ಕ ಕೆರೆಕಟ್ಟೆಗಳು ಈ ಸೀಮೆಯಲ್ಲಿರುವುವು. ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಮೇಜರ್ ಸ್ಯಾಂಕಿಯವರು 1866ರಲ್ಲಿ ಬರೆಯುತ್ತ, ಈ ಸಂಸ್ಥಾನದಲ್ಲಿ ಹೊಸ ಕೆರೆಗೆ ತಕ್ಕ ಸ್ಥಳವನ್ನು ಹುಡುಕುವುದೇ ಕಷ್ಟವೆಂಬಷ್ಟರ ಮಟ್ಟಿಗೆ ಪೂರ್ವಿಕರು ಕೆರೆಗಳನ್ನು ಕಟ್ಟಿರುವರೆಂಬ ಅಭಿಪ್ರಾಯವನ್ನು ತಿಳಿಸಿದರು. ಇಂಥ ಸೊತ್ತು ನಮ್ಮ ಕೈಗೆ ಬಂದಿರುವಾಗ ಅದನ್ನು ಉಳಿಸಿಕೊಳ್ಳುವುದೇ ನಮ್ಮ ಪಾಲಿನ ಕೆಲಸ.

ಕೆರೆಯೆಂದೊಡನೆ ಜನರ ದೃಷ್ಟಿಯು ಏರಿಯ ಮೇಲೆ ಬೀಳುವುದು. ಮಳೆಗಾಲದಲ್ಲಿ ಕೋಡಿಯ ಮೇಲೆ ಬೀಳುವುದು. ಕೋಡಿ ಹರಿದರೆ ಊರೆಲ್ಲ ಸೇರಿ ಬಾಗಿನ ಬಿಡುವುದೂ ಉಂಟು. ಆದರೆ ಕೆರೆಯ ಮೂರನೆಯ ಅಂಗವಾದ ತೂಬನ್ನು ನೋಡುವವರು ನೀರುಗಂಟಿಯ ಹೊರತು ಬಹಳ ಕಡಮೆ. ಅದು ನೀರಿನಲ್ಲಿ ಮುಳುಗಿರುವುದು. ಅದರ ಬಾಯಿಯೋ ಒಂದು ಗೇಣಿನಷ್ಟು ಅಗಲ. ಆದರೂ ಬೆಳೆಗೆ ನೀರು ದೊರಕುವುದೂ ದೊರಕದಿರುವುದೂ, ಎಷ್ಟೋ ಸಂದರ್ಭಗಳಲ್ಲಿ ಏರಿ ಉಳಿಯುವುದೂ ಒಡೆಯುವುದೂ, ಆ ಗೇಣಗಲದ ರಂಧ್ರವನ್ನೂ ಅದನ್ನು ಮುಚ್ಚುವ ಬಿರಡೆಯನ್ನೂ ಅವಲಂಬಿಸಿರುವುದು. ಆದುದರಿಂದ ಗ್ರಾಮದ ಯಜಮಾನರೂ ಅಚ್ಚುಕಟ್ಟಿನ ಜಮೀನುದಾರರೂ ಈ ವಿಷಯದಲ್ಲಿ ತಿಳಿದಿರಬೇಕಾದ ಮುಖ್ಯಾಂಶಗಳನ್ನು ಇಲ್ಲಿ ವಿವರಿಸಲಾಗುವುದು.

ಒಂದು ದೃಷ್ಟಾಂತ

ಕೆರೆಯಲ್ಲಿ ಮೀನು ಹಿಡಿಯುವವರು ಉಪಯೋಗಿಸುವ ಚಿಕ್ಕ ಫೈಬರ್ ದೋಣಿಗಳನ್ನು ವಾಚಕರು ನೋಡಿರಬಹುದು. ಅವುಗಳಲ್ಲಿ ಕೆಲವಕ್ಕೆ ಹಿಂಭಾಗದಲ್ಲಿ, ತಳಕ್ಕೆ ಹತ್ತಿಕೊಂಡಂತೆ, ಹೆಬ್ಬೆರಳು ಹಿಡಿಯುವಷ್ಟು ದೊಡ್ಡದಾದ ಒಂದು ರಂಧ್ರವನ್ನಿಟ್ಟು ಅದಕ್ಕೆ ಬಿರಡೆ ಹಾಕಿರುವರು. ದೋಣಿಯನ್ನು ದಡಕ್ಕೆ ಎಳೆದಾಗ ಮುಂಭಾಗವು ಮೇಲಕ್ಕೂ ಹಿಂಭಾಗವು ಕೆಳಕ್ಕೂ ಇರುವುದರಿಂದ, ಒಳಗೆ ಸೇರಿದ ಮಳೆನೀರೂ ಬಲೆಯ ನೀರೂ ಹರಿದು ಹಿಂದಕ್ಕೆ ಬರುವುದು. ಆಗ ಬಿರಡೆಯನ್ನು ಕಿತ್ತರೆ ದೋಣಿಯು ಒಣಗುವುದು. ರಂಧ್ರವನ್ನು ಎರಡು ಬೆರಳು ಮೇಲೆ ಇಟ್ಟಿದ್ದರೆ ಎರಡು ಬೆರಳು ನೀರು ಯಾವಾಗಲೂ ಒಳಗೇ ನಿಲ್ಲುವುದು. ಪಕ್ಕದಲ್ಲಿಟ್ಟಿದ್ದರೆ ದೋಣಿಯನ್ನು ಪ್ರತಿಸಲವೂ ಓರೆಮಾಡಬೇಕಾಗುವುದು. ಬಿರಡೆ ಹಾಕುವುದನ್ನು ಮರೆತು ನೀರಿಗಿಳಿಸಿದರೆ, ಉಪಕಾರಕ್ಕೆಂದು ಮಾಡಿದ ರಂಧ್ರವೇ ದೋಣಿಯನ್ನು ಮುಳುಗಿಸುವುದು.

ಇದರಿಂದ ಎರಡು ನಿಯಮಗಳು ತಿಳಿದುಬರುವುವು. ಮೊದಲನೆಯದು: ಯಾವ ನೀರನ್ನು ಹೊರಕ್ಕೆ ಬಿಡಬೇಕು, ಅದು ಕೊನೆಗೆ ಎಲ್ಲಿಗೆ ಬಂದು ನಿಲ್ಲುವುದು ಎಂಬುದನ್ನು ನಿಶ್ಚಯಿಸಿಕೊಂಡ ಮೇಲೆ ರಂಧ್ರದ ಸ್ಥಾನವನ್ನು ಗೊತ್ತುಮಾಡಬೇಕು. ಎರಡನೆಯದು: ನೀರನ್ನು ತಡೆಯುವ ಗೋಡೆಯಲ್ಲಿ ರಂಧ್ರ ಮಾಡಿದ ಸ್ಥಳವು ಆ ಗೋಡೆಯ ದುರ್ಬಲ ಸ್ಥಳವೆಂದು ಭಾವಿಸಿ, ಉಳಿದೆಲ್ಲ ಭಾಗಕ್ಕಿಂತ ಅದನ್ನು ಹೆಚ್ಚಾಗಿ ಕಾಯಬೇಕು. ಈ ಎರಡೂ ಕೆರೆಗೂ ಅನ್ವಯಿಸುವುವು. ಆದರೆ ಒಂದು ಮುಖ್ಯವಾದ ವ್ಯತ್ಯಾಸವಿರುವುದು. ದೋಣಿಯಿಂದ ಕೊನೆಯ ತೊಟ್ಟಿನವರೆಗೆ ನೀರು ಹೋಗಬೇಕು. ಕೆರೆಯಿಂದ ಹಾಗೆ ಹೋಗಕೂಡದು.

ತೂಬಿನ ಅಂಗಗಳು

ನಮ್ಮ ಕಡೆಯ ಹಳೆಯ ತೂಬಿನಲ್ಲಿ ಏರಿಯ ಒಳಬದಿಯ ಬುಡದಲ್ಲಿ ಎರಡು ಎತ್ತರವಾದ ಕಲ್ಲುಕಂಬಗಳನ್ನು ನಿಲ್ಲಿಸಿ, ಅವುಗಳ ನಡುವೆ ಅಡ್ಡಗಲ್ಲುಗಳನ್ನು ಕೂರಿಸಿರುವರು. ಅಡ್ಡಗಲ್ಲುಗಳಲ್ಲಿ ಕೊರೆದ ತೂತುಗಳ ಮೂಲಕ ಮರದ ಅಥವಾ ಕಬ್ಬಿಣದ ಒಂದು ಕೋಲು ಕೆಳಕ್ಕಿಳಿಯುವುದು. ಅದರ ತುದಿಯಲ್ಲಿ ಬಿರಡೆಯಿರುವುದು. ಬುಡದಲ್ಲಿ ಕಲ್ಲಿನ ತೊಟ್ಟಿ, ಅದರ ಮೇಲೆ ಚಪ್ಪಡಿ, ಚಪ್ಪಡಿಯಲ್ಲಿ ದುಂಡಗಿನ ಬಾಯಿ. ಬಿರಡೆಯನ್ನು ಎತ್ತಿದರೆ ನೀರು ಆ ಬಾಯಿಯಿಂದ ತೊಟ್ಟಿಗಿಳಿದು, ಏರಿಯಡಿಯ ಕಾಲುವೆಯಲ್ಲಿ ಹರಿದು, ಹೊರಬದಿಯಲ್ಲಿ ಅಚ್ಚುಕಟ್ಟಿನ ಕಾಲುವೆಗೆ ಸೇರುವುದು. ಈಚಿನ ತೂಬುಗಳಲ್ಲಿ ಕೋಲಿನ ಬದಲು ತಿರುಪಿನ ಗೇಟನ್ನಿಟ್ಟು ಏರಿಯ ಮೇಲಿನಿಂದಲೇ ತಿರುಗಿಸುವಂತೆ ಮಾಡಿರುವರು. ಉಪಕರಣವು ಬೇರೆಯಾದರೂ ತತ್ತ್ವವು ಒಂದೇ. ನೀರು ಒಳಕ್ಕೆ ಪ್ರವೇಶಿಸುವ ಬಾಯಿಯ ಮಟ್ಟವನ್ನು ಈ ಲೇಖನದಲ್ಲಿ ತೂಬಿನ ಹೊಸ್ತಿಲು ಎಂದು ಕರೆಯುವೆವು.

ಹೊಸ್ತಿಲು ಎಷ್ಟು ಎತ್ತರದಲ್ಲಿರಬೇಕು

ಹೊಸ್ತಿಲಿಗಿಂತ ಕೆಳಗಿರುವ ನೀರು ತೂಬಿನಿಂದ ಹೊರಬೀಳಲಾರದು. ಇದನ್ನು ಕೇಳಿದೊಡನೆ, ಹೊಸ್ತಿಲನ್ನು ಕೆರೆಯ ಅತಿ ತಗ್ಗಾದ ಸ್ಥಳದಲ್ಲಿಟ್ಟರೆ ನೀರೆಲ್ಲವೂ ಬೆಳೆಗೆ ದೊರಕುವುದಲ್ಲವೇ ಎಂದು ಯಾರಿಗಾದರೂ ತೋರುವುದು ಸಹಜ. ಇದು ಸರಿಯಲ್ಲವೆಂಬುದಕ್ಕೆ ನಾಲ್ಕು ಕಾರಣಗಳಿವೆ.

ಒಂದನೆಯದಾಗಿ, ಹೊಳೆಹಳ್ಳಗಳಿಂದ ಬರುವ ಹೂಳು ಮೊದಲು ತಗ್ಗನ್ನೇ ಸೇರುವುದು. ಅಲ್ಲಿಟ್ಟ ಬಾಯಿಯು ಕೆಲವೇ ಮಳೆಗಾಲಗಳಲ್ಲಿ ಹೂತುಹೋಗುವುದು. ಎರಡನೆಯದಾಗಿ, ದನಕರುಗಳಿಗೂ ಮೀನಿಗೂ ಬೇಸಗೆಯಲ್ಲಿ ಸ್ವಲ್ಪ ನೀರು ಉಳಿಯಲೇಬೇಕು. ಆ ನೀರೇ ಇಂಗಿ ಕೆಳಗಣ ಬಾವಿಗಳಿಗೂ ಕೊಳವೆಬಾವಿಗಳಿಗೂ ಊಟೆಯಾಗುವುದರಿಂದ ಅದನ್ನು ವ್ಯರ್ಥವೆನ್ನಲಾಗದು. ಮೂರನೆಯದಾಗಿ, ಅಚ್ಚುಕಟ್ಟಿನ ಮೇಲಿನ ಗದ್ದೆಗಳಿಗೆ ನೀರು ಏರಬೇಕಾದರೆ, ಕಾಲುವೆಯ ಇಳಿಜಾರಿಗೆ ಬೇಕಾದ ಎತ್ತರವನ್ನೂ ಸೇರಿಸಿ, ಹೊಸ್ತಿಲು ಆ ಗದ್ದೆಗಳಿಗಿಂತ ಮೇಲಿರಬೇಕು. ನಾಲ್ಕನೆಯದಾಗಿ, ತಗ್ಗಿಗೆ ಹೋದಷ್ಟೂ ಬಿರಡೆಯ ಮೇಲೆ ನೀರಿನ ಒತ್ತಡವು ಹೆಚ್ಚುವುದು.

ಹೊಸ್ತಿಲನ್ನು ಅತಿಯಾಗಿ ಮೇಲಿಟ್ಟರೂ ದೋಷವೇ. ಮಳೆ ಕಡಮೆಯಾದ ವರ್ಷದಲ್ಲಿ ಕೆರೆಯಲ್ಲಿ ನೀರು ಕಣ್ಣಿಗೆ ಕಾಣುತ್ತಿದ್ದರೂ ಗದ್ದೆಗೆ ಬಾರದು; ಆಗ ಜನರು ಏರಿಯನ್ನೇ ಕಡಿಯಲು ಮನಸ್ಸು ಮಾಡುವರು. ಈ ಎರಡರ ನಡುವಣ ಮಾರ್ಗವನ್ನು ನಮ್ಮ ಪೂರ್ವಿಕರು ಅನೇಕ ಕೆರೆಗಳಲ್ಲಿ ಕಂಡುಕೊಂಡಿದ್ದರು. ಮೇಲಿನ ಜಮೀನುಗಳಿಗೆಂದು ಏರಿಯ ಒಂದು ಪಕ್ಕದಲ್ಲಿ ಎತ್ತರವಾದ ಮೇಲುತೂಬನ್ನೂ, ಕೆಳಗಣ ಗದ್ದೆಗಳಿಗೆಂದು ಕೆಳತೂಬನ್ನೂ ಇಡುವ ಪದ್ಧತಿಯು ಇದೇ. ಕೆರೆ ತುಂಬಿರುವಾಗ ಮೇಲುತೂಬನ್ನು ಮೊದಲು ಬಳಸಿ, ನೀರಿಳಿದ ಮೇಲೆ ಕೆಳತೂಬನ್ನು ಎತ್ತಿದರೆ ಎರಡು ಭಾಗದವರಿಗೂ ನ್ಯಾಯವಾಗುವುದು. ಮೊದಲೇ ಕೆಳತೂಬನ್ನೆತ್ತಿದರೆ ಮೇಲಿನ ಹಿಡುವಳಿದಾರರ ಪಾಲು ಹೋಯಿತೆಂದೇ ತಿಳಿಯಬೇಕು. ಈ ಕ್ರಮವನ್ನು ನಡೆಸುವ ಹೊಣೆಯು ಊರಿನ ಯಜಮಾನರದು.

ಏರಿಯ ಯಾವ ಭಾಗದಲ್ಲಿ ಇಡಬೇಕು

ಏರಿಯ ಮಧ್ಯದಲ್ಲಿ, ಹಳೆಯ ಹಳ್ಳದ ಪಾತ್ರದ ಮೇಲೆಯೇ, ತೂಬನ್ನಿಡುವುದು ಉಚಿತವಲ್ಲ. ಅಲ್ಲಿ ನೆಲವು ಮರಳಾಗಿರುವುದು. ಏರಿಯ ಮಣ್ಣು ಅತ್ಯಂತ ಎತ್ತರವಾಗಿರುವುದರಿಂದ ಭಾರವೂ ಹೆಚ್ಚು, ಕುಸಿತವೂ ಹೆಚ್ಚು. ಕುಸಿದಲ್ಲಿ ಏರಿಯಡಿಯ ಕಾಲುವೆಯ ಕಲ್ಲುಗಳ ಸಂದು ಬಿಡುವುದು. ಪಾತ್ರದಿಂದ ಪಕ್ಕಕ್ಕೆ ಸರಿದು, ಗಟ್ಟಿಯಾದ ಗೊರಜು ಅಥವಾ ಬಂಡೆಯ ನೆಲವನ್ನು ಕಡಿದು ಕಾಲುವೆಯನ್ನು ಕೂರಿಸುವುದೇ ಉತ್ತಮ. ಹೊಸದಾಗಿ ತುಂಬಿದ ಮಣ್ಣಿನ ಮೇಲೆ ಎಂದಿಗೂ ಕೂರಿಸಕೂಡದು. ಕೋಡಿಗೆ ತೀರ ಸಮೀಪವಾಗಿಯೂ ಇಡಕೂಡದು; ಕೋಡಿಯ ಹೊರನೀರು ತೂಬಿನ ಕಾಲುವೆಯನ್ನು ಕೊರೆದುಬಿಡುವುದು.

ಬಾಯಿಯ ಸ್ಥಾನವು ಏರಿಯ ಒಳಬದಿಯ ಬುಡದಿಂದ ಸ್ವಲ್ಪವೇ ಮುಂದಕ್ಕಿರಬೇಕು. ಇಳಿಜಾರಿನ ಒಳಗೇ ಇಟ್ಟರೆ ಜರುಗಿದ ಮಣ್ಣೂ ಕಲ್ಲೂ ಬಾಯಿಯನ್ನು ಮುಚ್ಚುವುವು. ಬಹಳ ದೂರಕ್ಕಿಟ್ಟರೆ ನೀರುಗಂಟಿಯು ತುಂಬಿದ ಕೆರೆಯಲ್ಲಿ ಈಜಿಕೊಂಡು ಹೋಗಬೇಕಾಗುವುದು. ಅಂಥ ತೂಬುಗಳಿರುವ ಕಡೆ ಏರಿಯಿಂದ ಕಂಬಗಳಿಗೆ ಒಂದು ಕಾಲುಸೇತುವೆಯನ್ನು ಹಾಕಿಸುವುದು ಮನುಷ್ಯನ ಪ್ರಾಣದ ದೃಷ್ಟಿಯಿಂದ ಅತ್ಯವಶ್ಯಕ.

ಬಾಯಿಯ ಅಳತೆಯೂ ಒತ್ತಡವೂ

ಕೆರೆಯಲ್ಲಿ ಬಿರಡೆಯು ನೀರಿನ ಕಡೆಯಿಂದ ಬಾಯಿಯ ಮೇಲೆ ಕುಳಿತುಕೊಳ್ಳುವುದು. ಆದುದರಿಂದ ನೀರಿನ ಭಾರವೇ ಅದನ್ನು ಒತ್ತಿ ಬಿಗಿಮಾಡುವುದು. ಇದು ಮುಚ್ಚಲು ಅನುಕೂಲ, ತೆರೆಯಲು ಪ್ರತಿಕೂಲ. 10 ಅಡಿ ನೀರಿನ ಕೆಳಗೆ 6 ಅಂಗುಲ ಅಗಲದ ಬಾಯಿಯನ್ನು ಮುಚ್ಚಿರುವ ಬಿರಡೆಯ ಮೇಲೆ ಸುಮಾರು 55 ಕಿಲೋಗ್ರಾಂ ಒತ್ತಡವಿರುವುದು. ಬಾಯಿಯ ಅಗಲವು 12 ಅಂಗುಲವಾದರೆ ಒತ್ತಡವು ಇಮ್ಮಡಿಯಲ್ಲ, ನಾಲ್ಕು ಮಡಿಯಾಗಿ, ಸುಮಾರು 220 ಕಿಲೋಗ್ರಾಂ ಆಗುವುದು. ಮೊದಲನೆಯದನ್ನು ಇಬ್ಬರು ಎತ್ತಬಲ್ಲರು. ಎರಡನೆಯದನ್ನು ಯಂತ್ರದ ಸಹಾಯವಿಲ್ಲದೆ ಎತ್ತುವುದು ಅಸಾಧ್ಯ. ಒಂದು ದೊಡ್ಡ ಬಾಯಿಗಿಂತ ಒಂದರ ಮೇಲೊಂದರಂತೆ ಬೇರೆಬೇರೆ ಎತ್ತರಗಳಲ್ಲಿ ಎರಡು ಮೂರು ಚಿಕ್ಕ ಬಾಯಿಗಳಿರುವುದು ಉತ್ತಮವೆಂಬುದಕ್ಕೆ ಇದೇ ಕಾರಣ. ನೀರು ಇಳಿದಂತೆಲ್ಲ ಮೇಲಿನ ಬಾಯಿಯಿಂದ ಕೆಳಗಿನದಕ್ಕೆ ಬರಬಹುದು; ಯಾವ ಕಾಲದಲ್ಲಿಯೂ ಬಿರಡೆಯ ಮೇಲೆ ಅತಿಯಾದ ಭಾರ ಬೀಳದು. ಸಿಂಹಳದ್ವೀಪದ ಪ್ರಾಚೀನ ಕೆರೆಗಳಲ್ಲಿ ಇದೇ ತೊಂದರೆಯನ್ನು ನಿವಾರಿಸಲು ತೂಬಿನ ದಾರಿಯಲ್ಲಿ ಕಲ್ಲು ಕಟ್ಟಿದ ಚೌಕಾಕಾರದ ಬಾವಿಯನ್ನಿಟ್ಟು, ನೀರಿನ ರಭಸವು ಅಲ್ಲಿಯೇ ಅಡಗುವಂತೆ ಮಾಡಿದ್ದರು. ಅದಕ್ಕೆ ಅಲ್ಲಿ ಬಿಸೋಕೊಟುವ ಎಂದು ಹೆಸರು.

ನೀರಿನ ಆಳಕ್ಕೂ ಹರಿವಿಗೂ ಇರುವ ಸಂಬಂಧವನ್ನೂ ತಿಳಿದಿರಬೇಕು. 6 ಅಂಗುಲದ ಬಾಯಿಯನ್ನು ಪೂರ್ತಿಯಾಗಿ ತೆರೆದರೆ, 10 ಅಡಿ ನೀರಿರುವಾಗ ಸೆಕೆಂಡಿಗೆ ಸುಮಾರು 85 ಲೀಟರು ಹರಿಯುವುದು. ನೀರು ಎರಡೂವರೆ ಅಡಿಗೆ ಇಳಿದಾಗ ಹರಿವು ನಾಲ್ಕನೆಯ ಒಂದು ಪಾಲಾಗುವುದಿಲ್ಲ; ಅರ್ಧವಾಗುವುದು. ತುಂಬಿದ ಕೆರೆಯಲ್ಲಿ ಎಂಟು ದಿನ ತೂಬೆತ್ತುವುದೂ ಇಳಿದ ಕೆರೆಯಲ್ಲಿ ಎಂಟು ದಿನ ತೂಬೆತ್ತುವುದೂ ಒಂದೇ ಅಲ್ಲವೆಂಬುದನ್ನು ಸರದಿ ಹಾಕುವವರು ಮನಸ್ಸಿನಲ್ಲಿಡಬೇಕು.

ಬಿರಡೆಗೆ ನೀರಿನಲ್ಲಿ ಕೆಡದ ಗಟ್ಟಿ ಮರವೇ ಬೇಕು. ಬಾವಿಯ ತಳಕಟ್ಟಿಗೆ ಹಿಂದಿನಿಂದಲೂ ಬಳಸುತ್ತಿದ್ದ ಬಲಿತ ಕರಿಜಾಲಿಯು ಇದಕ್ಕೆ ಒಪ್ಪುವುದು. ಬಿರಡೆಯನ್ನು ಕೆಳಗೆ ಸಣ್ಣದಾಗಿಯೂ ಮೇಲೆ ದಪ್ಪವಾಗಿಯೂ ಕಡೆದು, ಬಾಯಿಯ ಅಂಚನ್ನೂ ಅದೇ ಓರೆಗೆ ಸರಿಯಾಗಿ ಕೆತ್ತಬೇಕು. ಅಂಚಿನ ಒಂದು ಚಕ್ಕೆ ಹಾರಿದ್ದರೂ ಬಿರಡೆಯು ಎಷ್ಟು ಬಿಗಿಯಾಗಿ ಕುಳಿತರೂ ನೀರು ನಿಲ್ಲದು.

ಹೆಬ್ಬೆರಳಿನಷ್ಟು ಸೋರಿದರೆ ಎಷ್ಟು ನಷ್ಟ

ಬಿರಡೆಯ ಪಕ್ಕದಲ್ಲಿ ಸ್ವಲ್ಪ ಸೋರುವುದನ್ನು ಅನೇಕರು ಲಕ್ಷಿಸುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಸೋರುವ ಸಂದುಗಳೆಲ್ಲ ಸೇರಿ ಒಂದು ಅಂಗುಲ ಅಗಲದ ದುಂಡು ರಂಧ್ರಕ್ಕೆ ಸಮನಾಗಿರುವುವೆಂದೂ ಅದರ ಮೇಲೆ 10 ಅಡಿ ನೀರಿದೆಯೆಂದೂ ಇಟ್ಟುಕೊಂಡರೆ, ಸೆಕೆಂಡಿಗೆ 2 ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಹೋಗುವುದು. ಇದು ದಿನಕ್ಕೆ ಸುಮಾರು 2 ಲಕ್ಷ ಲೀಟರು. ನೀರಿನ ಮಟ್ಟವು ಹಾಗೆಯೇ ಇದ್ದರೆ 30 ದಿನಗಳಲ್ಲಿ 60 ಲಕ್ಷ ಲೀಟರು. ಈ ನೀರನ್ನು ಒಂದು ಎಕರೆಯ ಮೇಲೆ ನಿಲ್ಲಿಸಿದರೆ ಸುಮಾರು 5 ಅಡಿ ಆಳವಾಗುವುದು. ಒಂದು ಎಕರೆ ಬತ್ತಕ್ಕೆ ನಾಟಿಯಿಂದ ಕೊಯ್ಲಿನವರೆಗೆ ಬೇಕಾಗುವ ನೀರು ಸುಮಾರು 4 ಅಡಿ. ರಾಗಿಗೆ ಅದರ ಅರ್ಧವೂ ಬೇಡ. ಅಂದಮೇಲೆ ಹೆಬ್ಬೆರಳಿನಷ್ಟು ಸಂದಿನಿಂದ ಒಂದೇ ತಿಂಗಳಿನಲ್ಲಿ ಒಂದು ಎಕರೆಯ ಬತ್ತದ ಬೆಳೆಯು ಹಳ್ಳದ ಪಾಲಾಗುವುದು.

ಈಗ ಈ ಭಾಗದ ಅನೇಕ ಕೆರೆಗಳಿಗೆ ಗೊರೂರಿನ ಹೇಮಾವತಿ ಜಲಾಶಯದ ನೀರು ನಾಲೆಯ ಮೂಲಕ ಬರುತ್ತಿರುವುದು. ತುಮಕೂರು ನಗರದ ಕುಡಿಯುವ ನೀರಿಗೆ ಆಧಾರವಾದ ಬುಗುಡನಹಳ್ಳಿ ಕೆರೆಯು ತುಂಬುವುದೂ ಆ ನೀರಿನಿಂದಲೇ. ಬೇರೊಂದು ಜಿಲ್ಲೆಯಿಂದ ಬಹುದೂರ ಸಾಗಿ ಬಂದ ನೀರನ್ನು, ಒಂದು ಬಿರಡೆಯ ಸಂದನ್ನು ಮುಚ್ಚಲಾರದೆ ಕಳೆದುಕೊಳ್ಳುವುದು ನಮಗೆ ಭೂಷಣವಲ್ಲ.

ಸೋರುವಿಕೆಯಿಂದ ಏರಿಗೆ ಬರುವ ಅಪಾಯ

ನೀರಿನ ನಷ್ಟಕ್ಕಿಂತಲೂ ಭಯಂಕರವಾದುದು ಇನ್ನೊಂದಿದೆ. ನೀರು ಏರಿಯಡಿಯ ಕಾಲುವೆಯೊಳಗೆ ಸೋರಿದರೆ ನಷ್ಟ ಮಾತ್ರ. ಕಾಲುವೆಯ ಹೊರಮೈಯನ್ನು ಹಿಡಿದು ಮಣ್ಣಿನಲ್ಲಿ ದಾರಿ ಮಾಡಿಕೊಂಡರೆ ಏರಿಯೇ ಹೋಗುವುದು. ಕಲ್ಲಿಗೂ ಮಣ್ಣಿಗೂ ನಡುವಣ ಸಂದಿನಲ್ಲಿ ನೀರು ಮೊದಲು ಎಳೆಯಾಗಿ ಬರುವುದು. ಬರುವಾಗ ಮಣ್ಣಿನ ಕಣಗಳನ್ನು ಹೊತ್ತುತರುವುದು. ಮಣ್ಣು ಹೋದಷ್ಟೂ ದಾರಿ ಅಗಲವಾಗುವುದು. ಏರಿಯ ಮೇಲೆ ನಿಂತವರಿಗೆ ಕೊನೆಯ ಗಳಿಗೆಯವರೆಗೆ ಏನೂ ತಿಳಿಯದು.

ನಮ್ಮ ಹಿರಿಯರು ಇದನ್ನು ಅರಿತಿದ್ದರು. ಈಗಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯ ಬಳಿ 1369ನೆಯ ವರ್ಷದ ಸಂಸ್ಕೃತ ಶಾಸನವೊಂದಿದೆ. ಅದರಲ್ಲಿ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಎಣಿಸಿರುವರು. ಏರಿಯಿಂದ ನೀರು ಜಿನುಗುವುದು ಆ ಆರು ದೋಷಗಳಲ್ಲಿ ಒಂದು.

ದೂರದೇಶದ ಒಂದು ನಿದರ್ಶನವನ್ನೂ ನೋಡಬಹುದು. ಅಮೆರಿಕದ ಕೊಲೊರಾಡೊ ಪ್ರಾಂತದಲ್ಲಿ ರೈತರು ತಮ್ಮ ಜಮೀನುಗಳಿಗೋಸ್ಕರ 1903ರಲ್ಲಿ ಲಾನ್ ಲೇಕ್ ಎಂಬಲ್ಲಿ ಮಣ್ಣಿನ ಏರಿಯೊಂದನ್ನು ಕಟ್ಟಿದ್ದರು. ಎತ್ತರವು 26 ಅಡಿ, ಎಂದರೆ ನಮ್ಮ ದೊಡ್ಡ ಕೆರೆಯೊಂದರ ಏರಿಯಷ್ಟೇ. ಹೊರಹರಿವಿನ ಕೊಳವೆಯನ್ನೂ ಅದನ್ನು ಮುಚ್ಚುವ ಗೇಟನ್ನೂ ಸೇರಿಸುವ ಸಂದಿಗೆ ಸೀಸವನ್ನು ತುಂಬಿದ್ದರು. ಕಾಲಕ್ರಮದಲ್ಲಿ ಆ ಸೀಸವು ಕೆಟ್ಟು, ಸಂದಿನಿಂದ ನೀರು ಏರಿಯ ಮಣ್ಣಿಗೆ ಸೋರಿ ಒಳಗೊಳಗೇ ಕೊರೆಯಿತು. 1982ನೆಯ ಜುಲೈ 15ರ ಬೆಳಗ್ಗೆ ಏರಿಯು ಒಡೆಯಿತು. ಪ್ರವಾಹದಲ್ಲಿ ಮೂವರು ಮೃತರಾದರು. ಏರಿಯ ಮೇಲೆ ನೀರು ಹತ್ತಿ ಹರಿದುದರಿಂದಲ್ಲ. ತೂಬಿನ ಒಂದು ಸಂದನ್ನು ಯಾರೂ ನೋಡದಿದ್ದುದರಿಂದ.

ನನ್ನ ಸ್ವಂತ ಅನುಭವವೊಂದನ್ನು ಇಲ್ಲಿ ಹೇಳುವುದು ಕರ್ತವ್ಯವೆಂದು ತಿಳಿಯುತ್ತೇನೆ. ಕೆಲವು ವರ್ಷಗಳ ಹಿಂದೆ ಬೇಸಗೆಯಲ್ಲಿ ಗುಬ್ಬಿ ತಾಲ್ಲೂಕಿನ ಒಂದು ಗ್ರಾಮಕ್ಕೆ ಹೋಗಿದ್ದಾಗ, ರೈತರು ಕೆರೆಯ ಹೂಳನ್ನು ತೆಗೆದು ತೆಂಗಿನ ತೋಟಗಳಿಗೆ ಹೊಡೆಯುತ್ತಿದ್ದರು. ತೂಬಿನ ಸುತ್ತ ಮೆತ್ತನೆಯ ಹೂಳು ಹೆಚ್ಚಾಗಿದ್ದುದರಿಂದ ಅಲ್ಲಿಯೇ ಆಳವಾಗಿ ತೋಡಿದ್ದರು. ಗುಂಡಿಯ ತಳವು ಹೊಸ್ತಿಲಿಗಿಂತ ನಾಲ್ಕು ಅಡಿ ಕೆಳಗಿದ್ದಿತು. ತೋಟಕ್ಕೆ ಹೂಳು ಬಹಳ ಒಳ್ಳೆಯದೆಂದು ನಾನು ಅವರನ್ನು ಹೊಗಳಿ ಬಂದೆನೇ ಹೊರತು, ತೂಬಿನ ತಳಹದಿಯ ಕಲ್ಲು ಬತ್ತಲಾಗಿದ್ದುದನ್ನು ಬಗ್ಗಿ ನೋಡಲಿಲ್ಲ. ಆ ವರ್ಷ ಅಕ್ಟೋಬರಿನಲ್ಲಿ ಕೆರೆಯು ತುಂಬಿತು. ಒಂದು ಬೆಳಗ್ಗೆ ವೃದ್ಧನಾದ ನೀರುಗಂಟಿಯು ಹೊರಬದಿಗೆ ಹೋದಾಗ, ತೂಬು ಮುಚ್ಚಿದ್ದರೂ ಕಾಲುವೆಯ ಪಕ್ಕದಿಂದ ನೀರು ಬರುತ್ತಿದ್ದುದನ್ನು ಕಂಡನು. ಅದು ತಿಳಿಯಾಗಿರಲಿಲ್ಲ, ಕೆಂಪಗಿತ್ತು. ಆತನು ತಡಮಾಡದೆ ಊರಿಗೆ ತಿಳಿಸಿದುದರಿಂದ ಏರಿಯು ಉಳಿಯಿತು. ಆದರೆ ಎರಡು ತೂಬುಗಳನ್ನೂ ಎತ್ತಿ ನೀರನ್ನು ಇಳಿಸಬೇಕಾಯಿತು. ಅಚ್ಚುಕಟ್ಟಿನವರಿಗೆ ಆ ವರ್ಷದ ಬೆಳೆಯಿಲ್ಲವಾಯಿತು. ಬೇಸಗೆಯಲ್ಲಿ ನಾನು ಐದು ನಿಮಿಷ ಬಗ್ಗಿ ನೋಡಿದ್ದರೆ ಈ ನಷ್ಟವು ತಪ್ಪುತ್ತಿದ್ದಿತು.

ಸೋರುವ ನೀರನ್ನು ಪರೀಕ್ಷಿಸುವ ಕ್ರಮ

ಬಿರಡೆಯನ್ನು ಹಾಕಿದ ಮೇಲೆ ಏರಿಯ ಹೊರಬದಿಯ ಕಾಲುವೆಯ ಬಾಯಿಯನ್ನು ನೋಡಬೇಕು. ಅಲ್ಲಿ ನೀರಿಲ್ಲದಿದ್ದರೆ ತೂಬು ಸರಿಯಾಗಿದೆ. ಕಾಲುವೆಯೊಳಗಿಂದ ತಿಳಿನೀರು ಬರುತ್ತಿದ್ದರೆ ಬಿರಡೆಯೋ ಅಂಚೋ ಸವೆದಿದೆ. ಕೆರೆ ಇಳಿದಾಗ ಸರಿಪಡಿಸಬಹುದು. ಕಾಲುವೆಯ ಪಕ್ಕದ ಮಣ್ಣಿನಿಂದ ತಿಳಿನೀರು ಜಿನುಗುತ್ತಿದ್ದರೆ ಪ್ರತಿದಿನವೂ ನೋಡುತ್ತಿದ್ದು ಎಂಜಿನಿಯರಿಗೆ ವರದಿ ಮಾಡಬೇಕು. ಎಲ್ಲಿಂದಲೇ ಆಗಲಿ, ತೂಬು ಮುಚ್ಚಿರುವಾಗ ಕೆಸರುನೀರು ಬರುತ್ತಿದ್ದರೆ ಏರಿಯ ಮಣ್ಣು ಹೋಗುತ್ತಿದೆಯೆಂದು ತಿಳಿದು ಆ ಗಳಿಗೆಯಲ್ಲಿಯೇ ಕಾರ್ಯೋನ್ಮುಖರಾಗಬೇಕು.

ಇಂಥ ಸಮಯದಲ್ಲಿ ಹೊರಬದಿಯ ರಂಧ್ರಕ್ಕೆ ಜೇಡಿಮಣ್ಣನ್ನೋ ಗೋಣಿಯನ್ನೋ ತುರುಕುವುದು ಸಾಮಾನ್ಯವಾದ ತಪ್ಪು. ಒಂದು ಕಡೆ ತಡೆದ ನೀರು ಏರಿಯೊಳಗೆ ಇನ್ನೊಂದು ದಾರಿಯನ್ನು ಕೊರೆಯುವುದು. ಮಾಡತಕ್ಕುದೇನೆಂದರೆ, ಜಿನುಗುವ ಸ್ಥಳದ ಮೇಲೆ ಮೊದಲು ದಪ್ಪ ಮರಳನ್ನೂ, ಅದರ ಮೇಲೆ ಸಣ್ಣ ಜಲ್ಲಿಯನ್ನೂ, ಅದರ ಮೇಲೆ ದಪ್ಪ ಜಲ್ಲಿಯನ್ನೂ ಹರಡಿ, ಸುತ್ತಲೂ ಮರಳು ಚೀಲಗಳನ್ನು ಬಳೆಯಂತೆ ಜೋಡಿಸಬೇಕು. ನೀರು ಹೊರಬರಬೇಕು, ಮಣ್ಣು ಒಳಗೇ ಉಳಿಯಬೇಕು. ಇದೇ ಇದರ ಉದ್ದೇಶ. ಜೊತೆಯಲ್ಲಿಯೇ ಕೆಸರು ಬರದ ಇನ್ನೊಂದು ತೂಬಿದ್ದರೆ ಅದರಿಂದ ನೀರನ್ನು ಇಳಿಸಬೇಕು. ಕೆಳಗಣ ಊರಿನವರಿಗೂ ಕೆಳಗಣ ಕೆರೆಯವರಿಗೂ ತಿಳಿಸಬೇಕು. ನಮ್ಮ ಕೆರೆಗಳು ಸರಣಿಯಾಗಿರುವುದರಿಂದ ಮೇಲಿನದೊಂದು ಒಡೆದರೆ ಕೆಳಗಿನವುಗಳಿಗೂ ಗಂಡಾಂತರವು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷೆಯು ಕಡಬದ ಕೆರೆಯನ್ನು ದಾಟಿ ಕುಣಿಗಲು ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯವನ್ನು ಸೇರುವುದು. ಆ ಜಲಾಶಯದಲ್ಲಿ ನೀರು ಮಟ್ಟವನ್ನು ಮೀರಿದೊಡನೆ ತಾವಾಗಿಯೇ ಹರಿಯತೊಡಗುವ ಸೈಫನ್ನುಗಳಿವೆ. ಹಳ್ಳಿಯ ಕೆರೆಗೆ ಅಂಥ ಏರ್ಪಾಡಿಲ್ಲ. ಅಲ್ಲಿ ಕೋಡಿಯೂ ತೂಬೂ ಮನುಷ್ಯನ ಎಚ್ಚರವೂ ಸೇರಿಯೇ ಕಾಯಬೇಕು.

ಶಾಶ್ವತವಾಗಿ ಮುಚ್ಚಿಟ್ಟ ತೂಬುಗಳು

ಕೊಳವೆಬಾವಿಗಳು ಹೆಚ್ಚಾದ ಮೇಲೆ, ಕೆರೆಯ ನೀರು ಇಂಗಿ ಅಂತರ್ಜಲವಾಗಲೆಂದು ಅನೇಕ ಊರುಗಳಲ್ಲಿ ತೂಬನ್ನು ಎತ್ತುವುದನ್ನೇ ನಿಲ್ಲಿಸಿರುವರು. ಅಡಕೆ ತೆಂಗಿನ ತೋಟದವರಿಗೆ ಇದು ಇಷ್ಟ, ಗದ್ದೆಯವರಿಗೆ ಕಷ್ಟ. ಯಾವುದು ತಕ್ಕುದೆಂಬುದನ್ನು ಆಯಾ ಗ್ರಾಮದವರು ಸಭೆ ಸೇರಿ, ನೀರಿನ ಪ್ರಮಾಣವನ್ನು ನೋಡಿ, ವರ್ಷವರ್ಷವೂ ನಿಶ್ಚಯಿಸಿಕೊಳ್ಳತಕ್ಕದ್ದು. ಆದರೆ ತೂಬೆತ್ತುವುದಿಲ್ಲವಾದುದರಿಂದ ತೂಬನ್ನು ನೋಡಿಕೊಳ್ಳಬೇಕಾದುದಿಲ್ಲ ಎಂಬ ಭಾವನೆಯು ಅತ್ಯಂತ ಅಪಾಯಕರ. ಬಿರಡೆಯು ತುಕ್ಕು ಹಿಡಿದು ಅಂಟಿಕೊಂಡಿದ್ದರೂ ಏರಿಯಡಿಯ ಕಾಲುವೆಯು ಹಾಗೆಯೇ ಇರುವುದು. ಅದರ ಕಲ್ಲುಗಳ ಸಂದು ಸಡಿಲವಾಗುತ್ತಲೇ ಇರುವುದು. 2022ರಲ್ಲಿ ಈ ಜಿಲ್ಲೆಯ ಅನೇಕ ಕೆರೆಗಳು ಬಹುಕಾಲದ ಮೇಲೆ ತುಂಬಿ ಕೋಡಿ ಬಿದ್ದುವು. ಅಂಥ ವರ್ಷದಲ್ಲಿ ನೀರನ್ನು ತುರ್ತಾಗಿ ಇಳಿಸಬೇಕಾಗಿ ಬಂದಾಗ, ಏಳದ ತೂಬು ಇದ್ದೂ ಇಲ್ಲದಂತೆಯೇ. ಬೆಳೆಗೆ ನೀರು ಬಿಡದ ಕೆರೆಯಲ್ಲಿಯೂ ವರ್ಷಕ್ಕೆರಡು ಸಲವಾದರೂ ಬಿರಡೆಯನ್ನು ಸ್ವಲ್ಪ ಎತ್ತಿ ಮತ್ತೆ ಕೂರಿಸಬೇಕು.

ವರ್ಷದ ಕೆಲಸಗಳು

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ನೀರು ಕಡಮೆಯಿರುವಾಗ, ಬಾಯಿಯ ಸುತ್ತಣ ಹೂಳನ್ನು ಹೊಸ್ತಿಲಿನ ಮಟ್ಟದವರೆಗೆ ಮಾತ್ರ ತೆಗೆಯಬೇಕು. ತಳಹದಿಯನ್ನು ಬತ್ತಲೆ ಮಾಡಕೂಡದು. ಕೆರೆಯೊಳಗೆ ಹೂಳೆತ್ತುವವರು ಎಂಜಿನಿಯರು ಗುರುತು ಮಾಡಿದ ಗೆರೆಯನ್ನು ದಾಟಿ ಏರಿಯ ಬುಡಕ್ಕೆ ಬರಕೂಡದು; ನೆಲವು ತೂಬಿನ ಕಡೆಗೆ ಸಮನಾಗಿ ಇಳಿಯುವಂತೆ ತೆಗೆಯಬೇಕು. ಮಟ್ಟವನ್ನು ತಿಳಿಯಲು ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆಯೇ ಸಾಕು. ಬಿರಡೆಯನ್ನು ಹೊರತೆಗೆದು ಅಂಚಿಗೆ ಸುಣ್ಣ ಬಳಿದು ಕೂರಿಸಿ ಎತ್ತಿ ನೋಡಿದರೆ, ಎಲ್ಲಿ ಸುಣ್ಣವು ಅಂಟಿಲ್ಲವೋ ಅಲ್ಲಿ ಸಂದಿರುವುದು ಗೊತ್ತಾಗುವುದು. ತಿರುಪಿನ ಗೇಟಾದರೆ ತುಕ್ಕನ್ನು ಕೆರೆದು ಗ್ರೀಸು ಹಚ್ಚಬೇಕು. ತೂಬಿನ ಕಂಬಕ್ಕೆ ಹೊಸ್ತಿಲಿನಿಂದ ಮೇಲಕ್ಕೆ ಅಡಿ ಅಡಿಗೂ ಬಣ್ಣದ ಗುರುತನ್ನು ಹಾಕಿಸಿದರೆ ನೀರಿನ ಲೆಕ್ಕದಲ್ಲಿ ಜಗಳವು ತಪ್ಪುವುದು.

ಜೂನಿನಲ್ಲಿ ಬಾಯಿಯ ಮುಂದೆ ಕಬ್ಬಿಣದ ಜಾಲರಿಯಿರುವುದನ್ನು ನೋಡಿಕೊಳ್ಳಬೇಕು. ಕಸವೂ ಅಂತರಗಂಗೆಯೂ ಒಳಹೊಕ್ಕರೆ ಬಿರಡೆಯು ಕೂರದು. ಏರಿಯ ಮೇಲೆ, ವಿಶೇಷವಾಗಿ ತೂಬಿನ ನೇರಕ್ಕೆ, ಬೆಳೆದ ಗಿಡಗಳನ್ನು ಚಿಕ್ಕವಾಗಿರುವಾಗಲೇ ಕೀಳಬೇಕು. ಬೇರು ಕೊಳೆತ ದಾರಿಯಲ್ಲಿ ನೀರು ನುಗ್ಗುವುದು. ಇಲಿ ಏಡಿಗಳ ಬಿಲಗಳನ್ನು ಅಗೆದು ಜೇಡಿಮಣ್ಣನ್ನು ತುಂಬಿ ಧಮ್ಮಸ್ಸು ಮಾಡಬೇಕು. ಕೆರೆ ತುಂಬುವ ಆಗಸ್ಟಿನಿಂದ ಅಕ್ಟೋಬರಿನವರೆಗೆ ದಿನವೂ ಬೆಳಗ್ಗೆ ಹೊರಬದಿಯನ್ನು ನೋಡಿ ಬರುವುದಕ್ಕೆ ಒಬ್ಬನನ್ನು ನೇಮಿಸಬೇಕು.

ತೂಬನ್ನು ಕಿತ್ತು ಹೊಸದನ್ನಿಡುವುದಾಗಲಿ, ಹೊಸ್ತಿಲಿನ ಮಟ್ಟವನ್ನು ಬದಲಾಯಿಸುವುದಾಗಲಿ ಗ್ರಾಮಸ್ಥರು ತಾವೇ ಮಾಡತಕ್ಕ ಕೆಲಸವಲ್ಲ. ಸಾಮಾನ್ಯವಾಗಿ 40 ಹೆಕ್ಟೇರಿಗಿಂತ, ಎಂದರೆ ಸುಮಾರು 100 ಎಕರೆಗಿಂತ, ಹೆಚ್ಚು ಅಚ್ಚುಕಟ್ಟಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೂ, ಅದಕ್ಕಿಂತ ಚಿಕ್ಕವು ಜಿಲ್ಲಾ ಪಂಚಾಯತಿಗೂ ಸೇರಿರುವುವು. ಅರ್ಜಿಯನ್ನು ಬೇಸಗೆಗೆ ಮುಂಚೆಯೇ, ಸೋರುವ ಸ್ಥಳ, ನೀರಿನ ಬಣ್ಣ ಮತ್ತು ಮೊದಲು ಕಂಡ ದಿನ ಇವುಗಳನ್ನು ಸ್ಪಷ್ಟವಾಗಿ ಬರೆದು ಕಳುಹಿಸಿದರೆ ಕೆಲಸವು ಬೇಗ ಆಗುವುದು.

ನಮ್ಮ ಹಿರಿಯರು ತೂಬನ್ನು ಎಲ್ಲಿಟ್ಟರೋ ಅಲ್ಲಿಡುವುದಕ್ಕೆ ಕಾರಣವಿದ್ದಿತು. ಗದ್ದೆಯ ಎತ್ತರ, ಹೂಳಿನ ತಗ್ಗು, ನೆಲದ ಗಟ್ಟಿತನ, ನೀರುಗಂಟಿಯ ತೋಳಿನ ಬಲ ಇವೆಲ್ಲವನ್ನೂ ನೋಡಿಯೇ ಅವರು ಆ ಕಲ್ಲನ್ನು ನಿಲ್ಲಿಸಿದರು. ಅದನ್ನು ಬದಲಾಯಿಸುವ ಮುನ್ನ ಆ ಕಾರಣವನ್ನು ಹುಡುಕಬೇಕು. ಬದಲಾಯಿಸದಿದ್ದರೂ ವರ್ಷಕ್ಕೊಮ್ಮೆ ಬಗ್ಗಿ ನೋಡಬೇಕು. ಈ ಬೇಸಗೆಯಲ್ಲಿ ಕೆರೆಯು ಇಳಿದಾಗ, ಯಜಮಾನರು ನಾಲ್ವರು ಜಮೀನುದಾರರನ್ನೂ ನೀರುಗಂಟಿಯನ್ನೂ ಕರೆದುಕೊಂಡು ಒಂದು ಬೆಳಗ್ಗೆ ತೂಬಿನ ಬಳಿಗೆ ಹೋಗಿ ಬರಬೇಕೆಂದು ಕೋರುತ್ತೇನೆ.